ಪದ ಪರಿಚಯ: ಕ್ವೆಂಚ್

ಬೆಳಗಾವಿಯ ಆಸ್ಪತ್ರೆಗಳಲ್ಲಿ ಎಂಆರ್‌ಐ ಮಾಡಿಸಿಕೊಂಡವರು ಯಂತ್ರದ ನೆತ್ತಿಯಿಂದ ಹೊರಟು ಛಾವಣಿಯೊಳಗೆ ಮರೆಯಾಗುವ ದಪ್ಪ ಲೋಹದ ಪೈಪ್ ನೋಡಿರಬಹುದು. ಅದು ಏಸಿಯದಲ್ಲ, ಕ್ವೆಂಚ್ ಪೈಪ್.

ಯಂತ್ರದೊಳಗೆ ನಿಯೋಬಿಯಂ-ಟೈಟೇನಿಯಂ ತಂತಿ ಸುತ್ತಿದ ಸೊಲೆನಾಯ್ಡ್, ಅಂದರೆ ಕರೆಂಟು ಹರಿದಾಗ ಅಯಸ್ಕಾಂತವಾಗುವ ಸುರುಳಿ, ಇರುತ್ತದೆ. ದ್ರವ ಹೀಲಿಯಂನಲ್ಲಿ ಮೈನಸ್ 269 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದಾಗ ಆ ತಂತಿಗೆ ವಿದ್ಯುತ್ ರೋಧವೇ ಇರುವುದಿಲ್ಲ; ಇದೇ ಅತಿವಾಹಕ ಗುಣ. ಒಮ್ಮೆ ತುಂಬಿದ ಕರೆಂಟು ತಾನೇ ಸುತ್ತುತ್ತಿರುತ್ತದೆ. ಊರಿಗೆಲ್ಲ ಕರೆಂಟು ಹೋದರೂ ಅಯಸ್ಕಾಂತ ಆರುವುದಿಲ್ಲ. ಗೋಕಾಕದಿಂದಲೋ ಜಮಖಂಡಿಯಿಂದಲೋ ರೋಗಿಯನ್ನು ಕರೆತರುವವರಿಗೆ ಇದನ್ನು ಬಾಗಿಲಲ್ಲೇ ತಿಳಿಸಿ ಹೇಳಬೇಕು. ಆಕ್ಸಿಜನ್ ಸಿಲಿಂಡರ್ ಹಿಡಿದು ಒಳಗೆ ಹೋಗುವುದು ಪ್ರಾಣಕ್ಕೇ ಅಪಾಯ.

ಆ ತಂತಿಯ ಒಂದು ಕಡೆ ಬಿಸಿಯಾಗಿ, ಅತಿವಾಹಕ ಗುಣ ಕಳೆದುಕೊಂಡು, ಬಿಸಿ ಅಕ್ಕಪಕ್ಕಕ್ಕೂ ಹಬ್ಬುವುದೇ ಕ್ವೆಂಚ್. ಹೀಲಿಯಂ ಕುದಿದು ಅನಿಲವಾಗಿ ಸುಮಾರು 700 ಪಟ್ಟು ಹಿಗ್ಗುತ್ತದೆ. ಕೋಣೆಗೆ ನುಗ್ಗಿದರೆ ಉಸಿರಾಡಲು ಆಮ್ಲಜನಕ ಸಾಲದು. ಅದಕ್ಕೇ ಪೈಪ್ ಕಟ್ಟಡದ ಹೊರಗೆ ತೆರೆದುಕೊಳ್ಳುತ್ತದೆ.

ಇದು ಶುರುವಾಗಲು ದೊಡ್ಡ ಕಾರಣವೇನೂ ಬೇಡ. ಕಾಂತಬಲದ ಒತ್ತಡಕ್ಕೆ ತಂತಿಯ ಒಂದು ಸುತ್ತು ಕೂದಲೆಳೆಗಿಂತ ಕಡಿಮೆ ಜರುಗಿದರೂ, ಸುತ್ತುಗಳನ್ನು ಹಿಡಿದಿಟ್ಟ ಎಪಾಕ್ಸಿ ಅಂಟು ಎಲ್ಲೋ ಸಣ್ಣಗೆ ಬಿರಿದರೂ ಸಾಕು. ಅಷ್ಟು ತಂಪಿನಲ್ಲಿ ಲೋಹದ ಶಾಖ ಹಿಡಿಯುವ ಶಕ್ತಿ ಸಾವಿರಾರು ಪಟ್ಟು ಕುಗ್ಗಿರುತ್ತದೆ. ನಮ್ಮ ಕೈಗೆ ಗೊತ್ತೇ ಆಗದ ಶಾಖಕ್ಕೆ ಅಲ್ಲಿ ಉಷ್ಣತೆ ಕೆಲವು ಡಿಗ್ರಿ ಏರಿಬಿಡುತ್ತದೆ. ನಿಯೋಬಿಯಂ-ಟೈಟೇನಿಯಂ ಅತಿವಾಹಕವಾಗಿ ಉಳಿಯುವ ಉಷ್ಣತೆಯ ಮಿತಿ ಕಾಂತಕ್ಷೇತ್ರವಿಲ್ಲದಾಗಲೇ ಸುಮಾರು 9.2 ಕೆಲ್ವಿನ್ (ಸುಮಾರು ಮೈನಸ್ 264 ಡಿಗ್ರಿ ಸೆಲ್ಸಿಯಸ್), ಕ್ಷೇತ್ರವೂ ಕರೆಂಟೂ ಏರಿದಂತೆ ಅದು ಇನ್ನೂ ಇಳಿಯುತ್ತದೆ. ಹೀಗಾಗಿ ಅದರ ಎಳೆಗಳನ್ನು ತಾಮ್ರದಲ್ಲಿ ಹುದುಗಿಸಿರುತ್ತಾರೆ. ಎಳೆ ಕೈಕೊಟ್ಟಾಗ ಕರೆಂಟು ತಾಮ್ರದಲ್ಲಿ ಹರಿಯುತ್ತದೆ.

ವಿನ್ಯಾಸದಲ್ಲಿ ನನಗೆ ಬಹಳ ಸೊಗಸೆನಿಸುವುದು ರಕ್ಷಣೆಯ ಉಪಾಯ. ಬಿಸಿಯಾದ ಜಾಗ ಒಂದೇ ಇದ್ದರೆ ಸುರುಳಿಯ ಶಕ್ತಿಯೆಲ್ಲ ಅಲ್ಲೇ ಸುರಿದು ತಂತಿ ಕರಗಬಹುದು. ಆದ್ದರಿಂದ ಅನೇಕ ಅಯಸ್ಕಾಂತಗಳಲ್ಲಿ ಹೀಟರ್ ಹಚ್ಚಿ ಉಳಿದ ಸುರುಳಿಯನ್ನೂ ಬೇಕೆಂದೇ ಬಿಸಿ ಮಾಡುತ್ತಾರೆ. ಒಬ್ಬನ ಹೊರೆಯನ್ನು ಓಣಿಯವರೆಲ್ಲ ಹೊತ್ತ ಹಾಗೆ, ಶಾಖ ಎಲ್ಲ ಸುತ್ತುಗಳಿಗೂ ಹಂಚಿಹೋಗುತ್ತದೆ. ಜಿನೀವಾ ಬಳಿಯ ಕಣಭೌತ ಪ್ರಯೋಗಾಲಯ ಸೆರ್ನ್‌ನಲ್ಲಿರುವ ಸಿಎಂಎಸ್ ಎಂಬ ಕಣಪತ್ತೆ ಯಂತ್ರದ ಸೊಲೆನಾಯ್ಡ್‌ನಂಥ 6 ಮೀಟರ್ ಒಳವ್ಯಾಸದ ದೈತ್ಯನಲ್ಲಿ ಗಿಗಾಜೂಲ್‌ಗಟ್ಟಲೆ ಶಕ್ತಿ ಇರುತ್ತದೆ. ಅಲ್ಲಿ ಅದರ ದೊಡ್ಡ ಪಾಲೊಂದನ್ನು ಹೊರಗಿನ ರೆಸಿಸ್ಟರ್‌ಗೆ, ಅಂದರೆ ಕರೆಂಟನ್ನು ಶಾಖವಾಗಿಸುವ ರೋಧಕಕ್ಕೆ, ಹರಿಸುವ ಏರ್ಪಾಡಿದೆ.

ಅಯಸ್ಕಾಂತದ ಪರೀಕ್ಷೆಯಲ್ಲಿ ಕರೆಂಟನ್ನು ಮೆಲ್ಲಗೆ ಏರಿಸುತ್ತ ಹೋಗುತ್ತಾರೆ. ಹೊಸ ಅಯಸ್ಕಾಂತ ನಿಗದಿತ ಮಟ್ಟ ಮುಟ್ಟುವ ಮೊದಲೇ ಕ್ವೆಂಚ್ ಆದರೆ ಗಾಬರಿಯಿಲ್ಲ. ಮತ್ತೆ ತಣಿಸಿ ಏರಿಸಿದಾಗ ಸಾಮಾನ್ಯವಾಗಿ ಮೊದಲಿಗಿಂತ ಹೆಚ್ಚು ಕರೆಂಟು ತಾಳಿಕೊಳ್ಳುತ್ತದೆ, ಏಕೆಂದರೆ ಜರುಗಬೇಕಾದ ಸುತ್ತು ಜರುಗಿ ಕೂತಿರುತ್ತದೆ. ಇದಕ್ಕೆ ಟ್ರೈನಿಂಗ್ ಎನ್ನುತ್ತಾರೆ. ಎಷ್ಟು ಸಲ ತಣಿಸಿದರೂ ಕ್ವೆಂಚ್ ಅದೇ ಜಾಗದಲ್ಲಿ, ಅದೇ ಕಡಿಮೆ ಕರೆಂಟಿಗೆ ಆಗುತ್ತಿದ್ದರೆ ಮಾತ್ರ ತಂತಿಯಲ್ಲೋ ಜೋಡಣೆಯಲ್ಲೋ ದೋಷವಿದೆಯೇ ಎಂದು ಹುಡುಕಬೇಕು.