ಜಪಾನಿನ ಮೀನು ಮಾರುಕಟ್ಟೆಯಲ್ಲಿ ಹಸಿ ಮೀನು ತಿಂದರೆ ಹೊಟ್ಟೆ ಕೆಡುವುದಿಲ್ಲವೇ?

ಪ್ರಶ್ನೆ: ಟೋಕಿಯೋಗೆ ಹೊರಟಿದ್ದೇವೆ. ಬೆಳಗ್ಗೆ ಬೇಗ ಎದ್ದು ಮೀನು ಮಾರುಕಟ್ಟೆಗೆ ಹೋಗಿ ಹಸಿ ಮೀನು ತಿನ್ನಲೇಬೇಕು ಅಂತ ಎಲ್ಲರೂ ಹೇಳುತ್ತಾರೆ. ತಾಜಾ ಮೀನಾದರೆ ಏನೂ ಆಗುವುದಿಲ್ಲವಂತೆ. ನಿಜಾನಾ?

ಆರೋಗ್ಯವಾಗಿದ್ದರೆ ಧೈರ್ಯವಾಗಿ ತಿನ್ನಿ. ಆದರೆ ತಾಜಾ ಅನ್ನುವ ಒಂದೇ ಕಾರಣಕ್ಕೆ ಅಲ್ಲ. ನೀರಿನಿಂದ ಮೇಲೆ ಬಂದ ಗಳಿಗೆಯಿಂದ ನಿಮ್ಮ ತಟ್ಟೆಗೆ ಬರುವವರೆಗೆ ಆ ಮೀನನ್ನು ಎಷ್ಟು ಜೋಪಾನ ಮಾಡಿದ್ದಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಒಳ್ಳೆಯ ಮೀನನ್ನು ಒದ್ದಾಡಿ ಸಾಯಲು ಬಿಡುವುದಿಲ್ಲ. ಇಕೆಜಿಮೆ ಅನ್ನುವ ಪದ್ಧತಿ ಇದೆ. ಚೂಪಾದ ಮೊಳೆಯಂಥದ್ದನ್ನು ನೇರವಾಗಿ ಮೆದುಳಿಗೆ ಚುಚ್ಚುತ್ತಾರೆ. ಕಿವಿರಿನ ಹತ್ತಿರ, ಬಾಲದ ಹತ್ತಿರ ಕೊಯ್ದು ರಕ್ತ ಹರಿಸುತ್ತಾರೆ. ಕೆಲವರು ಬೆನ್ನುಮೂಳೆಯ ಉದ್ದಕ್ಕೂ ತೆಳು ತಂತಿ ತೂರಿಸಿ ನರವನ್ನೂ ನಾಶ ಮಾಡುತ್ತಾರೆ. ಆಮೇಲೆ ತಣ್ಣನೆಯ ನೀರಿಗೆ ಹಾಕುತ್ತಾರೆ. ಇಷ್ಟಾದರೆ ಮಾಂಸ ಬೇಗ ಸೆಡೆಯುವುದಿಲ್ಲ, ನಾತ ಬರುವುದಿಲ್ಲ. ಹೀಗೆ ಕೊಂದ ಮೀನನ್ನು ಒಂದೆರಡು ದಿನ ತಣ್ಣಗೆ ಇಟ್ಟರೆ ರುಚಿ ಇನ್ನೂ ಏರುತ್ತದೆ. ಹಾಗಾಗಿ ಸುಶಿ ಅಂಗಡಿಯ ಟ್ಯೂನಾ ಅವತ್ತೇ ಹಿಡಿದದ್ದು ಅಂದುಕೊಳ್ಳಬೇಡಿ. ದೂರದ ಸಮುದ್ರದಲ್ಲಿ ಹಿಡಿದ ಟ್ಯೂನಾ ಹಡಗಿನಲ್ಲೇ ಮೈನಸ್ 60 ಡಿಗ್ರಿಯಲ್ಲಿ ಹೆಪ್ಪುಗಟ್ಟಿರುತ್ತದೆ. ಅದು ಕಳಪೆ ಮಾಲು ಅಲ್ಲವೇ ಅಲ್ಲ.

ಟೋಕಿಯೋದ ಸಗಟು ಮಾರುಕಟ್ಟೆ 1935ರಿಂದ ಸುಕಿಜಿಯಲ್ಲಿತ್ತು. 2018ರ ಅಕ್ಟೋಬರ್‌ನಲ್ಲಿ ತೊಯೊಸುಗೆ ಹೋಯಿತು. ಸುಕಿಜಿಯ ಹೊರಗಲ್ಲಿಗಳ ಅಂಗಡಿಗಳು ಮಾತ್ರ ಈಗಲೂ ಅಲ್ಲೇ ಇವೆ, ಜನ ಮುಗಿಬೀಳುವುದೂ ಅಲ್ಲಿಗೇ. ಹಳೆಯ ಕಟ್ಟಡ ತೆರೆದ ಶೆಡ್ಡಿನ ಹಾಗಿತ್ತು. ತೊಯೊಸುವಿನದು ನಾಲ್ಕೂ ಕಡೆ ಮುಚ್ಚಿ ತಂಪು ಮಾಡಿದ ಜಾಗ. ಬೆಳಗ್ಗೆ ಐದೂವರೆ ಸುಮಾರಿಗೆ ಅಲ್ಲಿ ಟ್ಯೂನಾ ಹರಾಜು ನೋಡಬಹುದು. ಸಾಲಾಗಿ ಮಲಗಿಸಿದ ಮೀನುಗಳ ಬಾಲ ಕತ್ತರಿಸಿರುತ್ತಾರೆ. ಕೊಳ್ಳುವವರು ಟಾರ್ಚ್ ಬೆಳಕು ಹಾಯಿಸಿ ಆ ಕೊಯ್ದ ಜಾಗ ನೋಡುತ್ತಾರೆ. ಸಣ್ಣ ಕೊಕ್ಕೆಯಿಂದ ಚೂರು ಮಾಂಸ ಕಿತ್ತು ಬೆರಳಲ್ಲಿ ಉಜ್ಜಿ ಕೊಬ್ಬು ಎಷ್ಟಿದೆ ಅಂತ ಅಳೆಯುತ್ತಾರೆ. ಇಂಥ ಕೈಗಳನ್ನು ದಾಟಿಯೇ ಮೀನು ಊಟದ ಅಂಗಡಿಗೆ ಬರುವುದು. ನನಗೆ ನಂಬಿಕೆ ಹುಟ್ಟುವುದೂ ಇಲ್ಲೇ.

ಹಾಗಂತ ಅಪಾಯವೇ ಇಲ್ಲ ಅನ್ನಲಾರೆ. ಅನಿಸಾಕಿಸ್ ಅನ್ನುವ ಹುಳು ಇದೆ, ಎರಡು ಮೂರು ಸೆಂಟಿಮೀಟರ್ ಉದ್ದದ ಬಿಳಿ ದಾರದಂಥದ್ದು. ನಮ್ಮ ಬಂಗುಡೆಯ ಬಳಗದ ಸಬಾ ಮೀನು, ಬೊಂಡಾಸ್ (ಸ್ಕ್ವಿಡ್), ಸಾಲ್ಮನ್‌ಗಳಲ್ಲಿ ಕಾಣಿಸುತ್ತದೆ. ಮೀನು ಸತ್ತ ಮೇಲೆ ಇದು ಕರುಳಿನಿಂದ ಮಾಂಸಕ್ಕೆ ತೂರುತ್ತದೆ, ಅದಕ್ಕೇ ಕರುಳನ್ನು ಬೇಗ ತೆಗೆಯಬೇಕು. ಮೈನಸ್ 20 ಡಿಗ್ರಿಯಲ್ಲಿ 24 ಗಂಟೆ ಇಟ್ಟರೆ ಸಾಯುತ್ತದೆ. ವಿನೆಗರ್, ಉಪ್ಪು, ವಸಾಬಿ ಅನ್ನುವ ಖಾರದ ಹಸಿರು ಮುದ್ದೆಗೆಲ್ಲ ಜಗ್ಗುವುದಿಲ್ಲ. ತಿಂದ ಕೆಲವು ಗಂಟೆಗಳಲ್ಲಿ ಹೊಟ್ಟೆಯ ಮೇಲ್ಭಾಗ ತಡೆಯಲಾರದಷ್ಟು ನೋಯತೊಡಗಿದರೆ ಆಸ್ಪತ್ರೆಗೆ ಹೋಗಿ, ಹಸಿ ಮೀನು ತಿಂದಿದ್ದೇನೆ ಅಂತ ಮೊದಲೇ ಹೇಳಿ. ಎಂಡೋಸ್ಕೋಪಿಯಲ್ಲಿ ಹುಳುವನ್ನು ಹಿಡಿದು ತೆಗೆದುಬಿಡುತ್ತಾರೆ.

ಆಯ್ಸ್ಟರ್ ಅನ್ನುವ ಚಿಪ್ಪುಜೀವಿಯ ಬಗ್ಗೆ ಇನ್ನೂ ಸ್ವಲ್ಪ ಜಾಸ್ತಿ ಹುಷಾರು. ಜಪಾನಿನಲ್ಲಿ ಹಸಿ ತಿನ್ನುವುದಕ್ಕೆ ಒಂದು, ಬೇಯಿಸುವುದಕ್ಕೆ ಒಂದು ಅಂತ ಬೇರೆ ಬೇರೆ ಲೇಬಲ್ ಹಾಕಿ ಮಾರುತ್ತಾರೆ. ಎರಡನೆಯದು ಹಳಸಿದ ಮಾಲು ಅಂತಲ್ಲ. ಬೆಳೆದ ನೀರು ಯಾವುದು, ಆಮೇಲೆ ಹೇಗೆ ಶುದ್ಧ ಮಾಡಿದರು ಅನ್ನುವುದರ ಮೇಲೆ ಆ ಲೇಬಲ್ ಬರುತ್ತದೆ. ಅದಾದರೂ ವಾಂತಿ ಭೇದಿ ತರುವ ನೋರೋವೈರಸ್ ಭಯ ಪೂರ್ತಿ ಹೋಗುವುದಿಲ್ಲ. ಮುಂದೆ ಇನ್ನೂ ಪ್ರವಾಸ ಬಾಕಿ ಇದ್ದರೆ ಸುಟ್ಟ ಆಯ್ಸ್ಟರ್ ತಿನ್ನಿ ಅನ್ನುತ್ತೇನೆ.

ಬಸುರಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಹಸಿ ಮೀನು ಬಿಡುವುದೇ ಒಳ್ಳೆಯದು. ಅವರಿಗೂ ಅಲ್ಲಿ ಊಟಕ್ಕೆ ಬರವಿಲ್ಲ. ಕೆಂಡದ ಮೇಲೆ ಸುಟ್ಟ ಮೀನು, ಬಿಸಿ ಅನ್ನ, ಮಿಸೊ ಸೂಪ್ ಸಿಗುತ್ತದೆ. ಸುಕಿಜಿಯ ಸಿಹಿ ಆಮ್ಲೆಟ್ ಕೂಡ ಚೆನ್ನ. ಮೊಟ್ಟೆ ಮಾತ್ರ ತಿನ್ನುವವರಿಗೆ ಒಂದು ಮಾತು: ಅದಕ್ಕೆ ಸಾಮಾನ್ಯವಾಗಿ ಒಣಮೀನಿನ ಸಾರು ಹಾಕುತ್ತಾರೆ.

ಭಾನುವಾರ ಹೋಗಬೇಡಿ, ತೊಯೊಸುಗೆ ರಜೆ. ಎಷ್ಟೋ ಬುಧವಾರಗಳಲ್ಲೂ ಮುಚ್ಚಿರುತ್ತದೆ. ಹೊರಡುವ ಮೊದಲು ಮಾರುಕಟ್ಟೆಯ ರಜೆಪಟ್ಟಿ ನೋಡಿಕೊಳ್ಳಿ.

ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ಮಲ್ಪೆ ಬಂದರಿನಲ್ಲಿ ಈಗಷ್ಟೇ ಇಳಿಸಿದ ಬಂಗುಡೆಯನ್ನೂ ಹೀಗೇ ಹಸಿ ತಿನ್ನಬಹುದಲ್ವಾ? ದಯವಿಟ್ಟು ಬೇಡ. ಅದು ಎಷ್ಟೇ ತಾಜಾ ಇರಲಿ, ಬೇಯಿಸಿ ತಿನ್ನಲೆಂದೇ ಬಂದ ಮೀನು. ಹಸಿ ತಿನ್ನಲು ಬೇಕಾದ ಆರೈಕೆ ಅದಕ್ಕೆ ಆಗಿರುವುದಿಲ್ಲ. ಅಡುಗೆಗೆ ಕೊಂಡರೂ ಐಸ್‌ನಲ್ಲಿಟ್ಟದ್ದನ್ನೇ ಕೊಳ್ಳಿ. ಬಂಗುಡೆ, ಟ್ಯೂನಾ ಬಿಸಿಲಲ್ಲಿ ಬಿದ್ದಿದ್ದರೆ ಅದರಲ್ಲಿ ಅಲರ್ಜಿಯಂಥ ತೊಂದರೆ ಕೊಡುವ ಹಿಸ್ಟಮೈನ್ ಅನ್ನುವ ವಸ್ತು ಹುಟ್ಟುತ್ತದೆ, ಆಮೇಲೆ ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ.