ಪದ ಪರಿಚಯ: ಕಾಳಜಿ ಕೇಂದ್ರ

ಬೆಂಗಳೂರಿನ ನಮ್ಮ ಬೀದಿಯಲ್ಲಿ ಹೊಸ ಮನೆಯೊಂದರ ಕೆಲಸ ನಡೆಯುತ್ತಿದೆ. ಅಲ್ಲೇ ಶೆಡ್ ಹಾಕಿಕೊಂಡು ಜಮಖಂಡಿ ಕಡೆಯ ಕುಟುಂಬವೊಂದು ಇದೆ. ಹಿಂದಿನ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಆ ಮನೆಯಾಕೆ ಫೋನ್ ಹಿಡಿದು ಸುಮ್ನೆ ಕೂತಿದ್ದರು. ಏನಾಯ್ತು ಅಂತ ಕೇಳಿದೆ. ‘ನಮ್ಮವ್ವ ಕಾಳಜಿ ಕೇಂದ್ರದಾಗ ಅದಾಳ್ರಿ ಅಕ್ಕಾರ. ಭಾಳ ಕಾಳಜಿ ಆಗೇತ್ರಿ’ ಅಂದರು.

ಒಂದೇ ಉಸಿರಿನಲ್ಲಿ ಒಂದೇ ಪದ ಎರಡು ಸಲ ಬಂತು. ಅರ್ಥ ಮಾತ್ರ ಬೇರೆ ಬೇರೆ. ಬೆಂಗಳೂರಿನ ನಮಗೆ ಕಾಳಜಿ ಅಂದರೆ ಅಕ್ಕರೆಯಿಂದ ನೋಡಿಕೊಳ್ಳುವುದು. ಉತ್ತರ ಕರ್ನಾಟಕದಲ್ಲಿ ಅದಕ್ಕೆ ಚಿಂತೆ ಅನ್ನುವ ಅರ್ಥವೂ ಇದೆ. ‘ಕಾಳಜಿ ಮಾಡಬ್ಯಾಡ’ ಅಂದರೆ ಚಿಂತೆ ಮಾಡಬೇಡ ಅಂತ. ಮರಾಠಿಯಲ್ಲೂ ಹೀಗೇ ಎರಡೂ ಅರ್ಥ ಇವೆ.

ಹೊಳೆ ಉಕ್ಕಿ ಊರಿಗೆ ನೀರು ನುಗ್ಗಿದಾಗ ಮನೆ ಬಿಟ್ಟು ಬಂದವರಿಗೆ ಸರ್ಕಾರ ತಾತ್ಕಾಲಿಕವಾಗಿ ಮಾಡಿಕೊಡುವ ನೆಲೆಯೇ ಕಾಳಜಿ ಕೇಂದ್ರ. ಹೆಚ್ಚಾಗಿ ಅದು ಎತ್ತರದ ಜಾಗದಲ್ಲಿರುವ ಶಾಲೆ, ಇಲ್ಲವೇ ಸಮುದಾಯ ಭವನ. ಊರಲ್ಲಿ ಮಳೆಯೇ ಇಲ್ಲದಿದ್ದರೂ ಇದು ಬೇಕಾಗಬಹುದು. ಮಹಾರಾಷ್ಟ್ರದ ಘಟ್ಟಗಳಲ್ಲಿ ಜೋರು ಮಳೆಯಾಗಿ, ಕೊಯ್ನಾ ಅಣೆಕಟ್ಟೆಯಿಂದ ನೀರು ಬಿಟ್ಟರೆ ಜಮಖಂಡಿ ಕಡೆ ಕೃಷ್ಣೆ ಏರುತ್ತಾಳೆ.

ಮೊದಲು ಇದನ್ನು ಗಂಜಿ ಕೇಂದ್ರ ಅನ್ನುತ್ತಿದ್ದರು. ಬರಗಾಲದಲ್ಲಿ ಹಸಿದವರಿಗೆ ಗಂಜಿ ಕಾಯಿಸಿ ಹಾಕುತ್ತಿದ್ದ ಜಾಗದ ಹೆಸರು ಅದು. 2009ರ ನೆರೆಯಲ್ಲೂ ಅದೇ ಹೆಸರು ಓಡಾಡುತ್ತಿತ್ತು. ಗಂಜಿ ಕೀಳು ಊಟ ಅಲ್ಲವೇ ಅಲ್ಲ. ಕರಾವಳಿ, ಮಲೆನಾಡಿನಲ್ಲಿ ಎಷ್ಟೋ ಮನೆಗಳ ದಿನದ ಊಟ ಅದು. ಆದರೆ ಮೊನ್ನೆಯವರೆಗೂ ಬಂದವರಿಗೆಲ್ಲ ರೊಟ್ಟಿ ಬಡಿಸುತ್ತಿದ್ದ ಮನೆಯವರನ್ನು ‘ಗಂಜಿ ಕೇಂದ್ರದಲ್ಲಿದ್ದಾರೆ’ ಅಂದಾಗ ಅವರಿಗೆ ಹೇಗಾಗಿರಬೇಡ? ಊಟ ಬಿಟ್ಟರೆ ಅವರಿಗೆ ಇನ್ನೇನೂ ಬೇಕಾಗಿಲ್ಲ ಅನ್ನುವ ಹಾಗಿತ್ತು ಆ ಹೆಸರು. ಅದನ್ನು ಬದಲಾಯಿಸಿದ್ದು ಒಳ್ಳೆಯದೇ ಆಯಿತು ಅನ್ನುವವಳು ನಾನು.

ಬೇಕಾದ್ದು ಊಟ ಒಂದೇ ಅಲ್ಲ ಅಂತ ಕಾನೂನೇ ಹೇಳುತ್ತದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 12ನೇ ಕಲಂ ಪ್ರಕಾರ ಸೂರು, ಊಟ, ಕುಡಿಯುವ ನೀರು, ವೈದ್ಯರ ನೆರವು, ಶೌಚಾಲಯ ಇಷ್ಟಕ್ಕೂ ಕನಿಷ್ಠ ಮಟ್ಟ ಗೊತ್ತುಮಾಡಬೇಕು. ವಿಧವೆಯರಿಗೆ, ಅನಾಥ ಮಕ್ಕಳಿಗೆ ವಿಶೇಷ ಏರ್ಪಾಡು ಬೇಕು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಲೆಕ್ಕದಲ್ಲಿ ಒಬ್ಬರಿಗೆ 3.5 ಚದರ ಮೀಟರ್ ಜಾಗ, ದಿನಕ್ಕೆ 3 ಲೀಟರ್ ಕುಡಿಯುವ ನೀರು ಸಿಗಬೇಕು. 3.5 ಚದರ ಮೀಟರ್ ಅಂದರೆ ಹೆಚ್ಚುಕಡಿಮೆ ಎರಡು ಮಂಚ ಹಾಕುವಷ್ಟು ಜಾಗ. ಅಷ್ಟರಲ್ಲೇ ಮಲಗಬೇಕು, ಬಟ್ಟೆ ಗಂಟು ಇಡಬೇಕು, ನೀರಿನಿಂದ ಉಳಿಸಿ ತಂದ ರೇಷನ್ ಕಾರ್ಡು, ಪಾಸ್‌ಬುಕ್ಕನ್ನೂ ಜೋಪಾನ ಮಾಡಬೇಕು.

ನೀರು ಹೊಸಲಿಗೆ ಬಂದರೂ ಕೆಲವರು ಮನೆ ಬಿಡುವುದಿಲ್ಲ. ಪತ್ರಿಕೆ ಓದುವಾಗ ಇದು ಹಟ ಅನಿಸುತ್ತದೆ. ನನಗೂ ಅನಿಸಿತ್ತು. ಆದರೆ ಕೊಟ್ಟಿಗೆಯಲ್ಲಿ ಎಮ್ಮೆ ಕಟ್ಟಿರುವಾಗ ಒಬ್ಬರೇ ಎದ್ದು ಬರುವುದು ಹೇಗೆ? ದನಕ್ಕೂ ಜಾಗ, ಮೇವು ಸಿಗುತ್ತದೆ ಅಂತ ಗೊತ್ತಾದರೆ ಜನ ಬೇಗ ಹೊರಡುತ್ತಾರೆ.

ಈ ಪದದ ಜೊತೆ ಬೆರೆಸಬಾರದ ಇನ್ನೆರಡು ಪದಗಳಿವೆ. ಒಂದು, ಪುನರ್ವಸತಿ ಕೇಂದ್ರ. ಆಲಮಟ್ಟಿಯ ಹಿನ್ನೀರಿನಲ್ಲಿ ಊರೇ ಹೋದವರಿಗೆ ಕಟ್ಟಿಕೊಟ್ಟ ಹೊಸ ಊರು ಅದು. ಅವರಿಗೆ ಮುಳುಗಡೆಯವರು ಅನ್ನುತ್ತಾರೆ, ಅವರು ಹಳೇ ಊರಿಗೆ ವಾಪಸ್ ಹೋಗುವಂತಿಲ್ಲ. ಕಾಳಜಿ ಕೇಂದ್ರದವರು ನೀರು ಇಳಿದ ಮೇಲೆ ತಮ್ಮ ಮನೆಗೇ ಹೋಗುತ್ತಾರೆ. ಇನ್ನೊಂದು, ಪರಿಹಾರ. ಅದು ದುಡ್ಡಿನ ಲೆಕ್ಕ. 2019ರ ನೆರೆಯಲ್ಲಿ ರಾಜ್ಯ ಸರ್ಕಾರ ತಕ್ಷಣದ ಖರ್ಚಿಗೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತ್ತು. ಕೇಂದ್ರದಲ್ಲಿ ಊಟ ಹಾಕಿದ ಮಾತ್ರಕ್ಕೆ ಪರಿಹಾರ ಕೊಟ್ಟಂತಲ್ಲ.

ಆ ದಿನ ಸಂಜೆ ನಾವು ನಾಲ್ಕು ಮನೆಯವರು ಸೇರಿ ಸೀರೆ, ಹೊದಿಕೆ ಒಟ್ಟುಮಾಡಿದೆವು. ಊರಿಗೆ ಕಳಿಸೋಣ್ವಾ ಅಂತ ಆಕೆಯನ್ನು ಕೇಳಿದೆ. ಅವರು ಅವ್ವನಿಗೆ ಫೋನ್ ಮಾಡಿ ವಿಚಾರಿಸಿ ಬಂದರು.

‘ಸೀರಿ ಬ್ಯಾಡಂತ್ರಿ ಅಕ್ಕಾರ. ಎಮ್ಮಿಗೆ ಕಣಕಿ ಸಿಕ್ಕರ ನೋಡ್ರಿ ಅಂದಳು.’

ಕಣಕಿ ಅಂದರೆ ಜೋಳದ ದಂಟಿನ ಒಣ ಮೇವು.