ವಿಪಿಎನ್ ಸೇರಿದೆ, ಸರ್ವರ್ ಮಾತ್ರ ಸಿಗುತ್ತಿಲ್ಲ: ಏಕೆ?

ಪ್ರಶ್ನೆ: ಮನೆಯಿಂದ ಕಚೇರಿಯ ವಿಪಿಎನ್‌ಗೆ ಸೇರಿದಾಗ ‘ಕನೆಕ್ಟೆಡ್’ ಎಂದೇ ತೋರಿಸುತ್ತದೆ. ಆದರೆ 192.168.1.20 ವಿಳಾಸದಲ್ಲಿರುವ ಕಚೇರಿಯ ಫೈಲ್ ಸರ್ವರ್ ತೆರೆಯುವುದಿಲ್ಲ. ಒಮ್ಮೆ ಆ ವಿಳಾಸವನ್ನು ಬ್ರೌಸರ್‌ನಲ್ಲಿ ಹಾಕಿದರೆ ನಮ್ಮ ಮನೆಯ ಪ್ರಿಂಟರ್‌ನ ಪುಟ ಬಂತು. ಮೊಬೈಲ್ ಹಾಟ್‌ಸ್ಪಾಟ್ ಬಳಸಿದರೆ ಎಲ್ಲವೂ ಸರಿ. ತೊಂದರೆ ಎಲ್ಲಿದೆ?

ಉತ್ತರ: ಪ್ರಿಂಟರ್‌ನ ಪುಟ ಬಂತು ಎಂದಿರಲ್ಲ, ಅಲ್ಲಿಗೇ ರೋಗ ಪತ್ತೆಯಾಯಿತು. ವಿಪಿಎನ್, ಅಂದರೆ ಇಂಟರ್ನೆಟ್ಟಿನ ಮೂಲಕ ನಿಮ್ಮನ್ನು ಕಚೇರಿಯ ನೆಟ್‌ವರ್ಕ್‌ಗೆ ಸೇರಿಸುವ ಖಾಸಗಿ ಸುರಂಗ, ಕೆಟ್ಟಿಲ್ಲ; ಸರ್ವರ್ ಕೂಡ ಕೆಟ್ಟಿಲ್ಲ. ನಿಮ್ಮ ಮನೆಯ ನೆಟ್‌ವರ್ಕ್ ಮತ್ತು ಕಚೇರಿಯ ನೆಟ್‌ವರ್ಕ್ ಎರಡೂ ಒಂದೇ ವಿಳಾಸಗಳನ್ನು ಹಂಚಿಕೊಂಡು ಕುಳಿತಿವೆ. ವಿಪಿಎನ್ ತಂತ್ರಾಂಶವನ್ನು ಅಳಿಸಿ ಮತ್ತೆ ಹಾಕುವುದರಿಂದ ಇದು ಸರಿಹೋಗುವುದಿಲ್ಲ. ಮನೆಯ ರೂಟರ್‌ನ ವಿಳಾಸವನ್ನು ಬದಲಿಸಬೇಕು.

ಖಾಸಗಿ ನೆಟ್‌ವರ್ಕ್‌ಗಳಿಗಾಗಿಯೇ ಮೂರು ವಿಳಾಸ ವಲಯಗಳನ್ನು ಮೀಸಲಿಡಲಾಗಿದೆ: 10ರಿಂದ ಶುರುವಾಗುವ ಎಲ್ಲವೂ, 172.16ರಿಂದ 172.31ರವರೆಗಿನವು, ಮತ್ತು 192.168ರಿಂದ ಶುರುವಾಗುವವು. ಇವನ್ನು ಯಾರು ಬೇಕಾದರೂ ಯಾರ ಅಪ್ಪಣೆಯೂ ಇಲ್ಲದೆ ಬಳಸಬಹುದು; ಹೊರಗಿನ ಇಂಟರ್ನೆಟ್ಟಿನಲ್ಲಿ ಇವು ಓಡಾಡುವುದಿಲ್ಲವಾದ್ದರಿಂದ ಒಬ್ಬರದು ಇನ್ನೊಬ್ಬರಿಗೆ ತಾಗುವುದಿಲ್ಲ. ಇದನ್ನು ವಿಧಿಸಿದ 1996ರ ಆರ್‌ಎಫ್‌ಸಿ 1918 ಎಂಬ ಇಂಟರ್ನೆಟ್ ನಿಯಮಗಳ ದಾಖಲೆಯಲ್ಲೇ ಒಂದು ಎಚ್ಚರಿಕೆಯೂ ಇದೆ: ಮುಂದೆಂದೋ ಎರಡು ಖಾಸಗಿ ನೆಟ್‌ವರ್ಕ್‌ಗಳನ್ನು ಜೋಡಿಸಬೇಕಾಗಿ ಬಂದರೆ ವಿಳಾಸಗಳು ಢಿಕ್ಕಿ ಹೊಡೆಯಬಹುದು, ಆದ್ದರಿಂದ ಮನಸ್ಸಿಗೆ ಬಂದ ಯಾವುದೋ ಒಂದು ತುಂಡನ್ನು ಆರಿಸಿಕೊಳ್ಳಿ ಎಂದು. ಈ ಮಾತಿಗೆ ಕಿವಿಗೊಟ್ಟವರು ಕಡಿಮೆ. 192.168ರ ಅಡಿಯಲ್ಲೇ 256 ತುಂಡುಗಳಿದ್ದರೂ ರೂಟರ್ ತಯಾರಕರಲ್ಲಿ ಹೆಚ್ಚಿನವರು 192.168.0 ಅಥವಾ 192.168.1 ಹಿಡಿದುಕೊಂಡರು. ಎಂದೋ ಅಂಥದ್ದೇ ರೂಟರ್ ಇಟ್ಟು ಶುರುವಾದ ಕಚೇರಿಗಳು ಅದರ ಮೇಲೆಯೇ ಬೆಳೆದುಬಿಟ್ಟವು. ವಿಪಿಎನ್ ಮಾಡುವುದು ಅದೇ, ಎರಡು ಖಾಸಗಿ ನೆಟ್‌ವರ್ಕ್‌ಗಳನ್ನು ಜೋಡಿಸುವುದು.

ಈಗ ನಿಮ್ಮ ಲ್ಯಾಪ್‌ಟಾಪ್‌ನ ಕಡೆಯಿಂದ ನೋಡಿ. ಯಾವ ವಿಳಾಸಕ್ಕೆ ಯಾವ ದಾರಿ ಎಂಬ ಒಂದು ಪಟ್ಟಿ ಅದರ ಬಳಿ ಇರುತ್ತದೆ. ಇದೇ ರೂಟಿಂಗ್ ಟೇಬಲ್. ವೈಫೈಗೆ ಸೇರಿದ ಕೂಡಲೇ ‘192.168.1ರ ವಿಳಾಸಗಳೆಲ್ಲ ಇಲ್ಲೇ, ಇದೇ ನೆಟ್‌ವರ್ಕ್‌ನಲ್ಲಿವೆ’ ಎಂಬ ಸಾಲು ಅದರಲ್ಲಿ ಸೇರುತ್ತದೆ. ಆಮೇಲೆ ವಿಪಿಎನ್ ಬಂದು ‘192.168ರ ವಿಳಾಸಗಳೆಲ್ಲ ನನ್ನ ಸುರಂಗದ ಆಚೆ ಇವೆ’ ಎಂಬ ಸಾಲು ಸೇರಿಸುತ್ತದೆ ಎಂದಿಟ್ಟುಕೊಳ್ಳಿ. ಎರಡು ಸಾಲುಗಳು ಹೊಂದಿದಾಗ ಹೆಚ್ಚು ನಿಖರವಾದದ್ದೇ, ಅಂದರೆ ಕಡಿಮೆ ವಿಳಾಸಗಳನ್ನು ಒಳಗೊಂಡದ್ದೇ ಗೆಲ್ಲುತ್ತದೆ, ಹಾಗಾಗಿ ಮನೆಯ ಸಾಲಿಗೇ ಗೆಲುವು. ‘192.168.1.20 ಯಾರು?’ ಎಂದು ಲ್ಯಾಪ್‌ಟಾಪ್ ಮನೆಯೊಳಗೇ ಕೂಗುತ್ತದೆ. ನಿಮ್ಮ ಮನೆಯಲ್ಲಿ ಆ ವಿಳಾಸ ಪ್ರಿಂಟರ್‌ಗೆ ಸಿಕ್ಕಿದೆ, ಅದು ಓಗೊಟ್ಟಿತು. ಯಾರೂ ಓಗೊಡದಿದ್ದರೆ ಸರ್ವರ್ ಸಿಗಲಿಲ್ಲ ಎಂಬ ಸಂದೇಶ ಬರುತ್ತದೆ. ಎರಡೂ ಸಂದರ್ಭಗಳಲ್ಲಿ ಒಂದು ತುಣುಕು ದತ್ತಾಂಶವೂ ಸುರಂಗದೊಳಕ್ಕೆ ಹೋಗಿರುವುದಿಲ್ಲ.

ಎರಡೂ ಸಾಲುಗಳು ಸಮವಾಗಿ ನಿಖರವಾಗಿದ್ದರೆ ಮೆಟ್ರಿಕ್ ಎಂಬ ಅಂಕೆ ಕಡಿಮೆ ಇರುವ ದಾರಿ ಗೆಲ್ಲುತ್ತದೆ. ಆಗ ವಿಪಿಎನ್ ಗೆದ್ದರೂ ನೆಮ್ಮದಿಯಿಲ್ಲ. ಮನೆಯ ಪ್ರಿಂಟರ್ ಕಣ್ಮರೆಯಾಗುತ್ತದೆ, ಕೆಲವೊಮ್ಮೆ ರೂಟರೇ ಕೈತಪ್ಪಿ ವಿಪಿಎನ್ ಕೂಡ ಕಡಿದುಬೀಳುತ್ತದೆ. ಒಂದೇ ಕಚೇರಿಯ ಇಬ್ಬರು ಬೇರೆಬೇರೆ ಲಕ್ಷಣ ಹೇಳುವುದು ಹೀಗೆಯೇ.

ಅನುಮಾನ ಪರಿಹಾರಕ್ಕೆ ವಿಪಿಎನ್ ಬಿಚ್ಚಿ ನಿಮ್ಮ ಕಂಪ್ಯೂಟರ್‌ನ ಐಪಿ ವಿಳಾಸ ನೋಡಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಆದೇಶ ಕೊಟ್ಟರೆ ಸಾಕು. ಉಳಿದ ಕಡೆ ವೈಫೈ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ. ಅದರ ಮೊದಲ ಮೂರು ಭಾಗಗಳು ಕಚೇರಿಯ ಸರ್ವರ್‌ನ ವಿಳಾಸದೊಂದಿಗೆ ಹೊಂದಿದರೆ ಮುಗಿಯಿತು. ಇನ್ನೊಂದು ಗುರುತು: ವಿಪಿಎನ್ ಸೇರಿದ ಮೇಲೆ ಸರ್ವರ್‌ಗೆ ಪಿಂಗ್ (ಆ ವಿಳಾಸ ಓಗೊಡುತ್ತದೆಯೇ ಎಂದು ನೋಡುವ ಆದೇಶ) ಮಾಡಿದಾಗ ‘ತಲುಪಲಾಗಲಿಲ್ಲ’ ಎಂಬ ಉತ್ತರ ನಿಮ್ಮದೇ ವೈಫೈ ವಿಳಾಸದಿಂದ ಬಂದರೆ, ಕೂಗು ಮನೆಯ ಹೊಸಿಲು ದಾಟಿಲ್ಲ ಎಂದರ್ಥ.

ಇನ್ನು ಪರಿಹಾರ. ಮೊದಲು ಕಚೇರಿಯ ಐಟಿ ವಿಭಾಗದವರನ್ನು ಕೇಳಿ, ಅವರು ಯಾವ ಯಾವ ವಲಯಗಳನ್ನು ಬಳಸುತ್ತಾರೆ ಎಂದು. ಅವುಗಳಲ್ಲಿ ಇಲ್ಲದ್ದನ್ನು ಆರಿಸಿಕೊಳ್ಳಿ. ಕೇಳುವ ದಾರಿ ಇಲ್ಲದಿದ್ದರೆ 192.168.147 ಅಥವಾ 192.168.213ರಂಥ, ಯಾರಿಗೂ ಸುಲಭವಾಗಿ ಹೊಳೆಯದ ಒಂದನ್ನು ಹಿಡಿಯಿರಿ. 10ರ ವಲಯ ವಿಶಾಲವಾದದ್ದು ನಿಜ, ಆದರೆ ದೊಡ್ಡ ಸಂಸ್ಥೆಗಳು ಅದನ್ನೇ ಬಳಸುವುದರಿಂದ ನಾನಾದರೆ ಮನೆಗೆ ಅದನ್ನು ಇಡುವುದಿಲ್ಲ. ಮೂರೂ ವಲಯಗಳ ಹೊರಗಿನ ಸಂಖ್ಯೆ ಮಾತ್ರ ಬೇಡವೇ ಬೇಡ. ಅದು ಇಂಟರ್ನೆಟ್ಟಿನಲ್ಲಿ ಬೇರೆ ಯಾರದೋ ನಿಜವಾದ ವಿಳಾಸವಾಗಿರಬಹುದು.

ಬ್ರೌಸರ್‌ನಲ್ಲಿ ರೂಟರ್‌ನ ಪುಟ ತೆರೆದು ಲ್ಯಾನ್ ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿರುವ 192.168.1.1 ಅನ್ನು 192.168.147.1 ಎಂದು ಬದಲಿಸಿ. ಸಬ್‌ನೆಟ್ ಮಾಸ್ಕ್ 255.255.255.0 ಹಾಗೆಯೇ ಇರಲಿ. ಹಲವು ರೂಟರ್‌ಗಳು ಡಿಎಚ್‌ಸಿಪಿ (ಮನೆಯ ಸಾಧನಗಳಿಗೆ ತಾನಾಗಿ ವಿಳಾಸ ಕೊಡುವ ವ್ಯವಸ್ಥೆ) ಹಂಚುವ ವಿಳಾಸಗಳನ್ನು ತಾವೇ ಬದಲಿಸಿಕೊಳ್ಳುತ್ತವೆ. ಎಲ್ಲವೂ ಹಾಗಲ್ಲ, ಅದೂ 192.168.147ಕ್ಕೆ ಬಂದಿದೆಯೇ ಎಂದು ನೋಡಿಯೇ ಸೇವ್ ಮಾಡಿ. ಸೇವ್ ಒತ್ತಿದ ಕೂಡಲೇ ಪುಟ ಸ್ತಬ್ಧವಾಗುತ್ತದೆ. ಹೆದರಬೇಡಿ, ರೂಟರ್ ಹೊಸ ವಿಳಾಸಕ್ಕೆ ಹೋಗಿದೆ, ಬ್ರೌಸರ್ ಇನ್ನೂ ಹಳೆಯದನ್ನೇ ಕಾಯುತ್ತಿದೆ. ವೈಫೈ ಆರಿಸಿ ಮತ್ತೆ ಹಾಕಿ, ಹೊಸ ವಿಳಾಸದಲ್ಲಿ ತೆರೆಯಿರಿ. ಫೋನ್, ಟಿವಿ ಮುಂತಾದವು ಮರುಸಂಪರ್ಕವಾದಾಗ ತಾವಾಗಿಯೇ ಹೊಂದಿಕೊಳ್ಳುತ್ತವೆ. ಕೈಯಾರೆ ಸ್ಥಿರ ವಿಳಾಸ ಕೊಟ್ಟ ಪ್ರಿಂಟರ್, ಕ್ಯಾಮೆರಾ, ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಸಂಪರ್ಕವನ್ನು ಮನೆಯ ಒಂದು ಸಾಧನಕ್ಕೆ ತಿರುಗಿಸುವ ಸೆಟ್ಟಿಂಗ್) ಇದ್ದರೆ ಅವನ್ನು ನೀವೇ ತಿದ್ದಬೇಕು. ಅರ್ಧ ಗಂಟೆಯ ಕೆಲಸ, ಆದರೆ ಮುಖ್ಯ ಮೀಟಿಂಗ್‌ಗೆ ಹತ್ತು ನಿಮಿಷ ಮುಂಚೆ ಶುರುಮಾಡುವಂಥದ್ದಲ್ಲ.

ರೂಟರ್ ನಿಮ್ಮದಲ್ಲದಿದ್ದರೆ, ಹೋಟೆಲ್ ಅಥವಾ ಬಾಡಿಗೆ ಕೋಣೆಯ ವೈಫೈ ಆಗಿದ್ದರೆ, ನೀವೇ ಕಂಡುಕೊಂಡ ಹಾಟ್‌ಸ್ಪಾಟ್ ಒಳ್ಳೆಯ ಉಪಾಯ. ಐಫೋನ್ ಹಾಟ್‌ಸ್ಪಾಟ್ 172.20.10ರ ವಿಳಾಸ ಕೊಡುತ್ತದೆ, ಅದು ಕಚೇರಿಗೆ ತಾಗುವುದು ಅಪರೂಪ. ನಿಮ್ಮದೇ ಚಿಕ್ಕ ರೂಟರ್ ಒಂದನ್ನು ಆ ವೈಫೈಗೆ ಜೋಡಿಸಿ, ಅದರ ಹಿಂದೆ ಬೇರೆ ವಲಯ ಇಟ್ಟುಕೊಂಡರೂ ಆಯಿತು. ಲ್ಯಾಪ್‌ಟಾಪ್‌ಗೆ ಆಗ ಹೊರಗಿನ 192.168.1 ಇದೆಯೆಂದೇ ತಿಳಿಯುವುದಿಲ್ಲ. ಒಂದೇ ಸರ್ವರ್ ಬೇಕಿದ್ದರೆ ಆ ಒಂದು ವಿಳಾಸಕ್ಕೆ ಮಾತ್ರ ಸುರಂಗದ ದಾರಿ ತೋರಿಸುವ ಸಾಲನ್ನು ಕೈಯಾರೆ ಸೇರಿಸಬಹುದು. ಅತಿ ನಿಖರವಾದ ಸಾಲಾದ್ದರಿಂದ ಅದೇ ಗೆಲ್ಲುತ್ತದೆ. ಇದಕ್ಕೆ ಅಡ್ಮಿನ್ ಅನುಮತಿ ಬೇಕು, ಸಾಮಾನ್ಯವಾಗಿ ಪ್ರತಿ ಸಲವೂ ಸೇರಿಸಬೇಕು, ಮನೆಯ ಪ್ರಿಂಟರ್ ಅಷ್ಟು ಹೊತ್ತು ಸಿಗುವುದಿಲ್ಲ. ತಾತ್ಕಾಲಿಕ ತೇಪೆ ಅಷ್ಟೇ.

ಸಾಫ್ಟ್‌ವೇರ್ ಕೆಲಸದವರಿಗೆ ಇನ್ನೊಂದು ಮಾತು. ರೂಟರ್ ಬದಲಿಸಿದ ಮೇಲೂ ಕಚೇರಿಯ 172.17ರ ಸರ್ವರ್‌ಗಳು ಸಿಗದಿದ್ದರೆ ನಿಮ್ಮ ಲಿನಕ್ಸ್ ಯಂತ್ರದೊಳಗೇ ಹುಡುಕಿ. ತಂತ್ರಾಂಶಗಳನ್ನು ಪ್ರತ್ಯೇಕ ಕಂಟೇನರ್‌ಗಳಲ್ಲಿ ಓಡಿಸುವ ಡಾಕರ್ ತನ್ನ ಒಳ ನೆಟ್‌ವರ್ಕ್‌ಗೆ ಮೊದಲಿನಿಂದಲೂ ಹಿಡಿದುಕೊಳ್ಳುವುದು 172.17 ವಲಯವನ್ನೇ. ಅದರ ಸಂರಚನಾ ಕಡತದಲ್ಲಿ ಬೇರೆ ವಲಯ ಬರೆದು ಡಾಕರ್ ಅನ್ನು ಮತ್ತೆ ಚಾಲೂ ಮಾಡಬೇಕು. ಮನೆಯ ರೂಟರ್‌ನ ಯಾವ ಸೆಟ್ಟಿಂಗ್ ಕೂಡ ಇದನ್ನು ಬಗೆಹರಿಸುವುದಿಲ್ಲ.